ಚಿಲ್ಲರೆ ಬಾಕಿ ಇಡದ ಅಕ್ಕ

ಖಾನಾಪುರದ ಸೇತುವೆ ದಾಟಿದ ಮೇಲೆ ಬಸ್ಸು ನಿಲ್ಲಿಸಿ, ಇಳಿದು, ಹಿಂದಕ್ಕೆ ಓಡಿಹೋಗಿ ಒಬ್ಬ ಮುದುಕನ ಕೈಗೆ ಮೂರು ರೂಪಾಯಿ ಹಾಕಿ ಬಂದ ಕಂಡಕ್ಟರ್ ಹೆಂಗಸನ್ನು ನೀವು ಯಾರಾದರೂ ನೋಡಿದ್ದರೆ, ಅವಳೇ ನಮ್ಮಕ್ಕ ಮಹಾದೇವಿ. ಆ ದಿನ ನಾನೂ ಅದೇ ಬಸ್ಸಿನಲ್ಲಿದ್ದೆ. ಖಾಕಿ ಕೋಟು ತನ್ನ ಕಡೆಗೇ ಓಡಿ ಬರುವುದನ್ನು ಕಂಡು ಆ ಮುದುಕ ಹೆದರಿ ಇನ್ನೂ ಬಿರುಸಾಗಿ ನಡೆಯತೊಡಗಿದ. ಅಕ್ಕ ಸೀಟಿ ಊದಿದಳು. ಅವನು ನಿಂತು, ಕಿಸೆಯಿಂದ ಟಿಕೆಟ್ಟು ತೆಗೆದು ಎರಡೂ ಕೈಯಲ್ಲಿ ಹಿಡಿದು ತೋರಿಸಿದ.

"ತಿಕೀಟ ತಗೊಂಡೀನ್ರೀ ಬಾಯಾರ, ಇಲ್ನೋಡ್ರಿ!"

"ತಿಕೀಟ ನಾನ ಕೊಟ್ಟೀನಿ ಅಜ್ಜಾ, ನನಗ ಗೊತ್ತಿಲ್ಲೇನು? ಚಿಲ್ಲರ ಬಿಟ್ಟು ಹೊಂಟಿಯಲ್ಲ. ಹಿಡಿ."

ಏದುಸಿರು ಬಿಡುತ್ತ ಬಸ್ಸು ಹತ್ತಿದವಳಿಗೆ ಡ್ರೈವರ್ ನಾಗಪ್ಪ ಮಾಮಾ, "ತಂಗೀ, ಮೂರು ರೂಪಾಯಿ ಸಲುವಾಗಿ ಹತ್ತು ರೂಪಾಯಿ ಡೀಸೆಲ್ ಸುಟ್ಟಿ ನೋಡು" ಎಂದ. ಅಕ್ಕ ಕೋಟಿನ ತೋಳಿನಿಂದ ಮುಖ ಒರೆಸಿಕೊಂಡು, "ಇಂಜಿನ್ ಬಂದ್ ಮಾಡೂದು ನಿಮ್ಮ ಕೆಲಸ ಮಾಮಾ, ಚಿಲ್ಲರ ಕೊಡೂದು ನನ್ನ ಕೆಲಸ" ಎಂದಳು. ಬಸ್ಸೆಲ್ಲ ನಕ್ಕಿತು.

ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಡುವ ಕಂಡಕ್ಟರುಗಳನ್ನು ನಾವೆಲ್ಲ ನೋಡಿದ್ದೇವೆ. ಇಳಿಯುವ ಗಡಿಬಿಡಿಯಲ್ಲಿ ಅದನ್ನು ಕೇಳಲು ಮರೆತು ಮನೆಗೆ ಹೋಗಿ ಹಳಹಳಿಸಿದ್ದೇವೆ. ಅಕ್ಕ ಒಂದು ದಿನವೂ ಹಾಗೆ ಬರೆದುಕೊಟ್ಟವಳಲ್ಲ. "ಬರಕೊಟ್ರ ಅದು ಸಾಲ ಆಗ್ತದ. ಮಂದಿ ರೊಕ್ಕ ನನ್ನ ಕಡೆ ಉಳದ್ರ ನನಗ ರೊಟ್ಟಿ ಇಳಿಯೂದಿಲ್ಲ" ಎನ್ನುತ್ತಿದ್ದಳು. ಅದಕ್ಕಾಗಿ ಬೆಳಗಿನ ಡ್ಯೂಟಿಗೆ ಹೋಗುವ ಮುಂಚೆ ಚಹಾದಂಗಡಿಗೆ, ಹೂವಿನವರ ಹತ್ತಿರಕ್ಕೆ ತಿರುಗಿ ನೋಟು ಕೊಟ್ಟು ನಾಣ್ಯ ಕೂಡಿಸುತ್ತಿದ್ದಳು. ಈಗ ಮಂದಿ ಫೋನಿನಲ್ಲೇ ರೊಕ್ಕ ಹಾಕುತ್ತಾರೆ. ಆದರೂ ಅವಳ ಚೀಲದಲ್ಲಿ ನಾಣ್ಯದ ಸದ್ದು ನಿಂತಿರಲಿಲ್ಲ.

ಬೆಳಗಾವಿಯಿಂದ ಖಾನಾಪುರ, ಅಲ್ಲಿಂದ ಒಮ್ಮೆ ನಂದಗಡ, ಒಮ್ಮೆ ಗುಂಜಿ, ಇದು ಅವಳ ದಾರಿ. ಊರ ಬಸ್‌ಸ್ಟ್ಯಾಂಡಿನಲ್ಲಿ ಹತ್ತುವವರಿಗೆ ಕನ್ನಡ, ಖಾನಾಪುರ ದಾಟಿದ ಮೇಲೆ ಮರಾಠಿ, ಎರಡನ್ನೂ ಕೇಳದವರಿಗೆ ಸೀಟಿ. ಹೆಣ್ಣುಮಕ್ಕಳಿಗೆ ಬಸ್ಸು ಫುಕಟ್ ಆದ ಹೊಸದರಲ್ಲಿ ಗುಂಜಿಯ ಒಬ್ಬ ಮುದುಕಿ ಸಿಟ್ಟು ಮಾಡಿಕೊಂಡು, ನನಗೇನು ಗತಿ ಇಲ್ಲವೇ, ಫುಕಟ್ ಯಾಕೆ ಒಯ್ಯುತ್ತೀ ಎಂದು ಮರಾಠಿಯಲ್ಲಿ ಜಗಳಕ್ಕೆ ನಿಂತಿದ್ದಳು. ಅಕ್ಕ ಅವಳ ಬಾಜು ಕೂತು, "ಆಜಿ, ಸರ್ಕಾರ ದೇತಯ್, ಮೀ ನಾಹಿ" ಎಂದು, ಕೊಡುತ್ತಿರುವುದು ಸರ್ಕಾರ, ನಾನಲ್ಲ ಎಂದು ತಿಳಿಸಿ ಹೇಳಿ, ಟಿಕೆಟ್ಟನ್ನು ಅವಳ ಸೆರಗಿಗೆ ಗಂಟು ಹಾಕಿಯೇ ಎದ್ದಳು. ಮದುವೆ ಯಾಕೆ ಆಗಲಿಲ್ಲ ಎಂದು ನೆಂಟರು ಕೆದಕಿದರೆ ಅವಳಲ್ಲಿ ಒಂದೇ ಉತ್ತರ: "ದಿನಾ ಬಸ್ ತುಂಬ ಮಂದೀನ ಸಂಭಾಳಸ್ತೀನ್ರಿ. ಮನಿಗೆ ಹೋದ ಮ್ಯಾಲೂ ಒಬ್ಬಂವ ಬೇಕೇನು?"

ನಾನು ಅವಳ ತಮ್ಮ, ಈರಣ್ಣ. ಬೆಳಗಾವಿಯ ವಡಗಾವಿಯಲ್ಲಿ ಅಪ್ಪ ಬಿಟ್ಟುಹೋದ, ಸೀರೆ ನೇಯುವ ಎರಡು ಪವರ್‌ಲೂಮ್ ನಡೆಸುತ್ತೇನೆ. ಓದಿದ್ದು ಏಳನೆಯ ತರಗತಿಯವರೆಗೆ, ಅದೂ ಅಕ್ಕ ಕಿವಿ ಹಿಡಿದು ಸಾಲಿಯ ಬಾಗಿಲವರೆಗೆ ಬಿಟ್ಟು ಬರುತ್ತಿದ್ದುದರಿಂದ. ಬಡತನಕ್ಕೆ ಸಾಲಿ ಬಿಟ್ಟೆ ಎಂದು ಹೇಳಿಕೊಂಡು ತಿರುಗಿದ್ದೇನೆ. ಅದು ಸುಳ್ಳು. ಅಪ್ಪ ಸತ್ತ ವರ್ಷ ಪಿಯುಸಿ ಮುಗಿಸಿ, ಬಸ್ಸಿನ ನೌಕರಿಗೆ ಅರ್ಜಿ ಹಾಕಿ, ಮನೆ ಹಿಡಿದವಳು ಅಕ್ಕ. ನಾನು ಮಗ್ಗದ ಹಿಂದೆ ಅಡಗಿಕೊಂಡವನು. ಬರೆಯುವ ರೂಢಿ ನನಗಿಲ್ಲ. ಆದರೂ ಅವಳ ಬಗ್ಗೆ ಬರೆಯಬೇಕಾದವನು ನಾನೇ. ಅವಳ ಹೆಸರಿಗೆ ಮಸಿ ಬಳಿದದ್ದು ನನ್ನ ಕೈ.

ಡಿಪೋದ ಮರದ ಕೆಳಗೆ ಒಂದು ದಿನ ಟೇಬಲ್ ಹಾಕಿಕೊಂಡು ಟೈ ಕಟ್ಟಿದ ಒಬ್ಬ ಹುಡುಗ ಕುಳಿತಿದ್ದ. ಪಗಾರದ ಚೀಟಿ ತೋರಿಸಿದರೆ ಬ್ಯಾಂಕಿನ ಕ್ರೆಡಿಟ್ ಕಾರ್ಡು, ಜೊತೆಗೆ ಗಾಲಿಯ ಬ್ಯಾಗು ಫುಕಟ್. ನಾನು ಅಕ್ಕನನ್ನು ಒಂದು ನಿಶ್ಚಿತಾರ್ಥಕ್ಕೆ ಕರೆದೊಯ್ಯಲು ಹೋಗಿದ್ದೆ. ಹುಡುಗ ಅಕ್ಕನನ್ನೂ ಕರೆದ.

"ನನಗ ಯಾಕ್ರೀ ಅದು?" ಎಂದಳು ಅಕ್ಕ. "ಈಗ ಹೆಗಲಿಗೆ ಹಾಕ್ಕೊಂಡ ಬ್ಯಾಗಿನ್ಯಾಗ ರೊಕ್ಕ ಅದಾವು, ಅವು ನನ್ನವಲ್ಲ. ನನ್ನವಲ್ಲದ ರೊಕ್ಕ ಇನ್ನೂ ಒಂದಿಷ್ಟು ತಗೊಂಡು ಏನ್ ಮಾಡ್ಲಿ?"

ಹುಡುಗ ಪೆಚ್ಚಾಗಿ ನಕ್ಕ. ಬೆನ್ನು ಹತ್ತಿದವನು ನಾನು. "ತಗೋ ಅಕ್ಕಾ, ಮಗ್ಗಕ್ಕ ಏನರೆ ಅಡಚಣಿ ಬಂದ್ರ ಆಗ್ತದ. ಬ್ಯಾಗರೆ ನೋಡು, ಏನ್ ಮಸ್ತ್ ಐತಿ." ಅವಳು ಬ್ಯಾಗನ್ನಲ್ಲ, ನನ್ನ ಮುಖ ನೋಡಿ ಸಹಿ ಹಾಕಿದಳು. ಡ್ಯೂಟಿಯ ಮೇಲೆ ಫೋನ್ ಎತ್ತಲು ಆಗುವುದಿಲ್ಲವೆಂದು ನನ್ನ ಫೋನ್ ನಂಬರು ಬರೆಸಿದಳು. ಕಾರ್ಡು ಬಂದಾಗ ನನ್ನ ಅಂಗೈಯಲ್ಲಿಟ್ಟು, "ಅಡಚಣಿಗೆ ಅಷ್ಟ. ತಿಳೀತೇನು?" ಎಂದಳು.

ಮೊದಲ ಸಲ ಅಡಚಣಿಗೇ ಬಳಸಿದೆ. ಮೋಟರ್ ಸುಟ್ಟಿತ್ತು. ಆಮೇಲೆ ನೂಲು ತಂದೆ. ಆಮೇಲೆ ಒಬ್ಬ ಮೊಬೈಲ್ ಅಂಗಡಿಯವನು ಕಾರ್ಡು ಉಜ್ಜಿ, ತನ್ನ ಕಮಿಷನ್ ಮುರಿದುಕೊಂಡು ಕೈಗೆ ನಗದು ರೊಕ್ಕ ಕೊಡುತ್ತಾನೆಂದು ಗೊತ್ತಾಯಿತು. ಅಲ್ಲಿಂದ ಅಡಚಣಿ ದಿನವೂ ಬರತೊಡಗಿತು. ದೊಡ್ಡ ಟಿವಿ ಬಂತು. ನನ್ನ ಕೈಗೆ ದುಬಾರಿ ಫೋನು ಬಂತು. ಆಗ ಬೆಳಗಿನ ಡ್ಯೂಟಿಯ ಸಲುವಾಗಿ ಅಕ್ಕ ಖಾನಾಪುರದಲ್ಲಿ ಖೋಲಿ ಮಾಡಿಕೊಂಡಿದ್ದಳು. ವಾರಕ್ಕೊಮ್ಮೆ ವಡಗಾವಿಗೆ ಬಂದವಳು ಗೋಡೆ ನೋಡಿ, "ಇದೆಲ್ಲಿಂದ ಬಂತೋ?" ಎಂದರೆ, "ಈ ಸಲ ಸೀರಿ ಛಲೋ ಹೋದ್ವು ಅಕ್ಕಾ" ಎಂದೆ.

ನನ್ನ ತಲೆಯಲ್ಲಿದ್ದ ಲೆಕ್ಕ ಹೇಳಿದರೆ ನೀವು ನಗುತ್ತೀರಿ. ನಮ್ಮ ಓಣಿಯಲ್ಲಿ ಭಿಶಿ ನಡೆಯುತ್ತದೆ. ಒಂದಿಷ್ಟು ಜನ ಸೇರಿ ತಿಂಗಳಾ ಇಷ್ಟೆಂದು ಹಾಕುವುದು, ಕೂಡಿದ ಗಂಟನ್ನು ಒಬ್ಬೊಬ್ಬರು ಸರದಿಯಂತೆ ಎತ್ತುವುದು. ಎತ್ತಿದವನು ಸುತ್ತು ಮುಗಿಯುವವರೆಗೆ ಕಂತು ಕಟ್ಟುತ್ತ ಹೋದರಾಯಿತು. ಸುತ್ತು ಮುಗಿದ ದಿನ ಅವನೂ ಮುಕ್ತ. ಒಂದು ತಿಂಗಳು ತಪ್ಪಿದರೆ ಭಿಶಿ ನಡೆಸುವ ಎದುರುಮನೆಯ ಸಾವಕ್ಕ ಬಾಗಿಲಿಗೆ ಬಂದು ಬಯ್ಯುತ್ತಾಳೆ, ಮುಂದಿನ ತಿಂಗಳು ಎರಡು ಕಂತು ಕೂಡಿಯೇ ಕೊಡುತ್ತೇವೆ. ನಾನು ಕಂಡ ಸಾಲ ಅದೊಂದೇ. ಕಾರ್ಡಿನವರು ತಿಂಗಳಾ 'ಕನಿಷ್ಠ ಇಷ್ಟು ಕಟ್ಟಿ' ಎಂದು ಫೋನಿಗೆ ಕಳಿಸುತ್ತಿದ್ದ ಮೊತ್ತವನ್ನು ನಾನು ಭಿಶಿಯ ಕಂತು ಎಂದೇ ತಿಳಿದೆ. ತಪ್ಪದೆ ಕಟ್ಟಿದೆ. ವರ್ಷ ದಾಟಿದ ಮೇಲೆ, ಇನ್ನೇನು ಅರ್ಧ ಸುತ್ತು ಮುಗಿಯಿತು ಎಂದು ಮನಸ್ಸಿನಲ್ಲೇ ಬೀಗುತ್ತಿದ್ದೆ.

ಆಮೇಲೆ ನೂಲಿನ ದರ ಏರಿ ಮಗ್ಗ ನಿಂತವು. ಕಂತು ತಪ್ಪಿದವು. ಸಾವಕ್ಕನಿಗೆ ಕೊಟ್ಟಂತೆ ಮುಂದೆ ಕೂಡಿಸಿ ಕೊಟ್ಟರಾಯಿತು ಎಂದುಕೊಂಡೆ. ಗುರುತಿಲ್ಲದ ನಂಬರುಗಳಿಂದ ಫೋನು ಬರತೊಡಗಿದವು. ಎತ್ತಲಿಲ್ಲ. ವಸೂಲಿಯವರು ಅರ್ಜಿಯಲ್ಲಿದ್ದ ಇನ್ನೊಂದು ನಂಬರು ತಿರುಗಿಸಿದರು. ಅದು ಅಕ್ಕನ ಡಿಪೋದ್ದು.

ಬೇರೆಯವರ ನೌಕರಿಯಲ್ಲಿ ಸಾಲವೆಂದರೆ ಅವರವರ ಮನೆಯ ಮಾತು. ಕಂಡಕ್ಟರಿಗೆ ಹಾಗಲ್ಲ. ದಿನವಿಡೀ ಸರ್ಕಾರದ ರೊಕ್ಕ ಹೆಗಲಿಗೆ ತೂಗು ಹಾಕಿಕೊಂಡವರು ಸಾಲದಲ್ಲಿದ್ದಾರೆಂದರೆ, ಎಲ್ಲರ ಕಣ್ಣು ಮೊದಲು ಅವರ ಚೀಲದ ಮೇಲೆ ಬೀಳುತ್ತದೆ. ರೊಕ್ಕ ತಗೊಂಡು ಟಿಕೆಟ್ ಕೊಡದೆ ಬಿಟ್ಟದ್ದು ಒಂದೇ ಒಂದು ಸಿಕ್ಕರೂ ಅಮಾನತು. ಅಷ್ಟು ವರ್ಷ ಒಂದು ಕೇಸಿಲ್ಲದೆ ಉಳಿಸಿಕೊಂಡಿದ್ದ ಅಕ್ಕನ ಹೆಸರು ಆ ಫೋನಿನ ದಿನದಿಂದ ಡಿಪೋದ ಬಾಯಿಗೆ ಬಿತ್ತು.

ಅಕ್ಕ ಸಂಜೆಯೇ ವಡಗಾವಿಗೆ ಬಂದಳು. ಕೋಟು ಕೂಡ ಬಿಚ್ಚಿರಲಿಲ್ಲ. ಬ್ಯಾಂಕಿಗೆ ಫೋನ್ ಹಚ್ಚಲು ಹೇಳಿದಳು, ಸ್ಪೀಕರ್ ಹಾಕಿಸಿದಳು. ಆ ಕಡೆ ಒಬ್ಬ ಹುಡುಗಿ, ಕನ್ನಡದವಳೇ, ಒಟ್ಟು ಬಾಕಿ ಎಷ್ಟೆಂದು ಹೇಳಿದಳು. ಲಕ್ಷ ದಾಟಿ ಬಹಳ ಮುಂದೆ ಹೋಗಿತ್ತು. ವರ್ಷ ದಾಟಿ ತಿಂಗಳಾ ಕಟ್ಟಿದ್ದೇನೆ, ಇದರಲ್ಲಿ ಏನೋ ತಪ್ಪಿದೆ ಎಂದು ನಾನು ಗದ್ದಲ ಮಾಡಿದೆ. ಅಕ್ಕ ಕೈ ಎತ್ತಿ ನನ್ನನ್ನು ಸುಮ್ಮನಿರಿಸಿದಳು.

"ತಂಗೀ, ವರ್ಷಗಟ್ಟಲೆ ಕಟ್ಟಿದ್ದು ಖರೇ ಹೌದಲ್ಲ? ಆ ರೊಕ್ಕ ಯಾವ ಸ್ಟಾಪಿನ್ಯಾಗ ಇಳದ್ವು?"

"ಮೇಡಂ, ಅದು ಹೆಚ್ಚುಕಡಿಮೆ ಬಡ್ಡಿಗೇ ಹೋಗಿದೆ. ಕನಿಷ್ಠ ಮೊತ್ತ ಮಾತ್ರ ಕಟ್ಟಿದರೆ ಅಸಲು ಕಡಿಮೆ ಆಗೋದಿಲ್ಲ ಮೇಡಂ."

"ಅಂದ್ರ ಗಾಡಿ ನಿಂತಲ್ಲೇ ನಿಂತೈತಿ, ನಾವು ತಿಕೀಟ ತಗೋತನ ಅದೀವಿ."

ಹುಡುಗಿಗೆ ನಗು ಬಂತು. "ಹೌದು ಮೇಡಂ" ಎಂದಳು.

ಅಕ್ಕ ನನ್ನ ಕಡೆ ತಿರುಗಿದಳು. ನಾನು ಭಿಶಿಯ ನನ್ನ ಲೆಕ್ಕ ತೊದಲುತ್ತ ಹೇಳಿದೆ. ಅವಳು ಹಣೆ ಬಡಿದುಕೊಂಡು ಜೋರಾಗಿ ನಕ್ಕುಬಿಟ್ಟಳು. "ಭಿಶಿ ಅಂತ ತಿಳದ್ಯಾ, ಈರ್ಯಾ? ಭಿಶಿಯಾಗ ಸಾವಕ್ಕ ಇರ್ತಾಳೋ! ಬಯ್ದು, ಚಾ ಕುಡದು ಹೋಗ್ತಾಳ. ಇವರ ಕಡೆ ಸಾವಕ್ಕ ಯಾರದಾರ?" ಆಮೇಲೆ ನಗು ನಿಂತಿತು. ಟಿವಿಯ ಕಡೆ ಒಮ್ಮೆ ನೋಡಿದಳು. "ಸೀರಿ ಛಲೋ ಹೋಗಿದ್ವು, ಹೌದಲ್ಲ?" ಎಂದಷ್ಟೇ ಕೇಳಿದಳು.

ಅಳುತ್ತ ಕೂರುವ ಜಾತಿ ಅವಳದಲ್ಲ. ಕಾರ್ಡನ್ನು ಅಲ್ಲೇ ಫೋನಿನಲ್ಲೇ ಬಂದ್ ಮಾಡಿಸಿದಳು. ರಜೆ ಹಾಕಿ ಬ್ಯಾಂಕಿಗೆ ಹೋಗಿ ಮ್ಯಾನೇಜರನ ಮುಂದೆ ಕುಳಿತು, ಮುಂದೆ ಬಡ್ಡಿ ಬೆಳೆಯದಂತೆ ಒಂದೇ ಏಟಿಗೆ ಕಟ್ಟಿದರೆ ಎಷ್ಟು ಬಿಡುತ್ತೀರಿ ಎಂದು ತರಕಾರಿ ಪೇಟೆಯಲ್ಲಿ ಚೌಕಾಶಿ ಮಾಡಿದಂತೆ ಮಾಡಿ ದಂಡದ ರೊಕ್ಕ ಬಿಡಿಸಿದಳು. ನನ್ನ ಟಿವಿ, ಫೋನು ಎರಡನ್ನೂ ಮಾರಿಸಿದಳು. ಉಳಿದದ್ದಕ್ಕೆ ನೌಕರರ ಸೊಸೈಟಿಯಲ್ಲಿ ಸಾಲ ಕೇಳಿದಳು. ಅಲ್ಲಿ ಬಡ್ಡಿ ಕಾರ್ಡಿನದಕ್ಕಿಂತ ಎಷ್ಟೋ ಕಡಿಮೆ, ಪಗಾರದಲ್ಲೇ ಮುರಿದುಕೊಳ್ಳುತ್ತಾರೆ, ಕಟ್ಟಿದಷ್ಟೂ ಅಸಲು ಇಳಿಯುತ್ತದೆ. ಆದರೆ ಜೊತೆಯ ನೌಕರರೊಬ್ಬರು ಜಾಮೀನು ನಿಲ್ಲಬೇಕು. ನಾಗಪ್ಪ ಮಾಮಾ ಬಂದ.

ಸೊಸೈಟಿಯ ಕಾರಕೂನ ಪೆನ್ನು ಎತ್ತಿ, "ಸಾಲ ಯಾತಕ್ಕ ಆತ್ರೀ ಬಾಯಾರ?" ಎಂದ. ನಾನು ಅಕ್ಕನ ಪಕ್ಕದಲ್ಲೇ ಇದ್ದೆ.

"ನಾನ ಖರ್ಚು ಮಾಡೀನ್ರಿ" ಎಂದಳು ಅಕ್ಕ. "ಸೀರಿ, ಟಿವಿ, ಅದು ಇದು."

ನಾಗಪ್ಪ ಮಾಮಾ ಅವಳನ್ನು ಒಂದು ಗಳಿಗೆ ನೋಡಿ ಸಹಿ ಮಾಡಿದ. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಿದ್ದೆ. ಹೊರಗೆ ಬಂದ ಮೇಲೆ, "ನನ್ನ ಹೆಸರು ಯಾಕ ಹೇಳಲಿಲ್ಲ ಅಕ್ಕಾ?" ಎಂದೆ. ಅವಳು ರಸ್ತೆಯಲ್ಲೇ ನಿಂತಳು.

"ಏನಂತ ಹೇಳ್ಲಿ? ನನ್ನ ಹೆಸರಿನ ಕಾರ್ಡ ತಮ್ಮನ ಕೈಯಾಗ ಕೊಟ್ಟು ಹೊಳ್ಳಿ ನೋಡಲಿಲ್ಲ ಅಂತ ಹೇಳ್ಲಿ? ಕಂಡಕ್ಟರ್ ತನ್ನ ಬ್ಯಾಗ್ ಇನ್ನೊಬ್ಬರ ಕೈಯಾಗ ಕೊಡೂ ಹಂಗಿಲ್ಲೋ. ಉಡಾಳತನಕ್ಕ ಖರ್ಚು ಮಾಡಿದಾಕಿ ಅಂದ್ರ ಬಯ್ದು ಬಿಡ್ತಾರ. ಬ್ಯಾಗ್ ಕೊಟ್ಟಾಕಿ ಅಂದ್ರ ಆ ಮ್ಯಾಲ ನನ್ನ ಹೆಗಲಿಗೆ ಬ್ಯಾಗ್ ಯಾರ ಹಾಕ್ತಾರ? ನೀ ಯಾರ ಮುಂದೂ ಬಾಯಿ ಬಿಡಬ್ಯಾಡ."

ನನಗೆ ಅದು ಅನುಕೂಲವಾಗಿತ್ತು. ಅಕ್ಕನ ಮಾತು ಕೇಳುವ ತಮ್ಮನಂತೆ ಬಾಯಿ ಮುಚ್ಚಿಕೊಂಡೆ.

ಆ ಅನುಕೂಲದ ಬೆಲೆ ಏನೆಂದು ನಂದಗಡದ ಸಂತೆಗೆ ಹೋಗುವಾಗ ಕಂಡೆ. ಸೀರೆಯ ಗಂಟು ಕಾಲ ಕೆಳಗೆ ಇಟ್ಟುಕೊಂಡು ಅಕ್ಕನ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತಿದ್ದೆ. ಖಾನಾಪುರ ದಾಟುತ್ತಿದ್ದಂತೆ ಚೆಕಿಂಗಿನವರು ಕೈ ಅಡ್ಡ ಹಿಡಿದರು. ಆ ತಿಂಗಳಲ್ಲಿ ಅವಳ ಗಾಡಿಗೆ ಅವರು ಎಷ್ಟು ಸಲ ಹತ್ತಿದ್ದರೋ. ಎಲ್ಲರ ಟಿಕೆಟ್ಟು ನೋಡಿದರು, ಮಶಿನ್ ನೋಡಿದರು. ಆಮೇಲೆ ಸಾಹೇಬ, ಅಕ್ಕನಿಗಿಂತ ಸಣ್ಣವನು, ಚೀಲ ಬಿಚ್ಚಿಸಿ ರೊಕ್ಕ ಎಣಿಸುತ್ತ, ಎಲ್ಲರಿಗೂ ಕೇಳುವ ಹಾಗೆ, "ಸಾಲ ಭಾಳ ಆಗೇತಂತಲ್ಲ ಬಾಯಾರ? ಸೀರಿ ಹುಚ್ಚು ಬಿಡ್ರಿ ಇನ್ನರೆ" ಎಂದ. ಮುಂದಿನ ಸೀಟಿನಲ್ಲಿ ಯಾರೋ ಕಿಸಕ್ಕೆಂದರು. ನನ್ನ ಬಾಜು ಕೂತಿದ್ದವನು ನನ್ನ ಕಿವಿಯಲ್ಲಿ, "ಅದಕ್ಕ ಚೀಲ ತಡವ್ಯಾಡಾಕತ್ತಾರ" ಎಂದ.

ನನ್ನ ಕಾಲ ಕೆಳಗೆ ಸೀರೆಯ ಗಂಟು. ಎದ್ದು ನಿಲ್ಲಲು ಎರಡು ಕಾಲು ಸಾಕಿದ್ದವು. ನಾನು ಕಿಟಕಿಯ ಕಡೆ ಮುಖ ಮಾಡಿದೆ.

ಲೆಕ್ಕ ಸರಿ ಹೊಂದಿತು. ಸಾಹೇಬ ಚೀಲ ಮರಳಿ ಕೊಡಲು ಬಂದ. ಅಕ್ಕ ತಗೊಳ್ಳಲಿಲ್ಲ.

"ಇನ್ನೊಮ್ಮೆ ಎಣಸ್ರಿ ಸಾಹೇಬ್ರ."

"ಸರಿ ಐತಿ ಬಿಡ್ರಿ."

"ಸರಿ ಐತಿ ಅಂತ ನಿಮಗ ಗೊತ್ತಾತು. ಮಾತಾಡಿದ್ದು ಬಸ್ಸಿಗೆಲ್ಲ ಕೇಳೇತಿ, ಲೆಕ್ಕಾನೂ ಬಸ್ಸಿಗೆಲ್ಲ ಕೇಳ್ಲಿ. ಒದರಿ ಎಣಸ್ರಿ. ಗಾಡಿ ನಿಂದರ್ತದ."

ಹಿಂದೆ ಜಗಳಕ್ಕೆ ನಿಂತಿದ್ದ ಗುಂಜಿಯ ಮುದುಕಿ ಅಂದು ನಂದಗಡದ ಮಗಳ ಮನೆಗೆ ಹೊರಟವಳು, ಮುಂದಿನ ಸೀಟಿನಲ್ಲಿದ್ದಳು. "ಮೋಜಾ ನಾ!" ಎಂದು ಸಾಹೇಬನಿಗೆ ಕೋಲು ತೋರಿಸಿದಳು. ಎಣಿಸಲು ಹೇಳಿದ್ದು. ಅವನು ಎಣಿಸಿದ. ಕಿವಿ ಕೆಂಪಾಗಿದ್ದವು. ಒಂದು ರೂಪಾಯಿ ಹೆಚ್ಚೂ ಇರಲಿಲ್ಲ, ಕಡಿಮೆಯೂ ಇರಲಿಲ್ಲ. ಅಕ್ಕ ಚೀಲ ಹೆಗಲಿಗೆ ಹಾಕಿಕೊಂಡು, ಸೀಟಿ ಊದಿ, "ಮುಂದ ಸರೀರಿ, ಬಾಗಲ್ದಾಗ ಯಾಕ ನಿಂತೀರಿ?" ಎಂದಳು. ನನ್ನ ಸೀಟಿನ ಹತ್ತಿರ ಬಂದಾಗ ಉಳಿದವರನ್ನು ನೋಡುವ ಹಾಗೆಯೇ ನೋಡಿ ಮುಂದೆ ಹೋದಳು.

ಅಂದಿನಿಂದ ನನಗೆ ನಿದ್ದೆ ಸರಿ ಬರುತ್ತಿರಲಿಲ್ಲ. ಆದರೆ ಹೆಮ್ಮೆಯೂ ಅಂದೇ ಶುರುವಾಯಿತು. ಇಂಥ ಅಕ್ಕ ನನಗಿದ್ದಾಳೆ ಎಂದು ಓಣಿಯಲ್ಲಿ ಕೂಗಿ ಹೇಳಬೇಕೆನಿಸುತ್ತಿತ್ತು. ಹೇಳಿದರೆ ನನ್ನ ಕಥೆಯೂ ಹೇಳಬೇಕಾಗುತ್ತಿತ್ತು.

ಸಾಲ ಅವಳ ಪಗಾರದಲ್ಲಿ ಮುರಿಯುತ್ತಿದ್ದರು. ಅದರಲ್ಲಿ ನನ್ನ ಪಾಲನ್ನು ಅವಳು ಬಿಡಲಿಲ್ಲ. ತಿಂಗಳ ಮೊದಲ ದಿನ ನಾನು ಖಾನಾಪುರದ ಬಸ್‌ಸ್ಟ್ಯಾಂಡಿಗೆ ಹೋಗಿ ರೊಕ್ಕ ಅವಳ ಕೈಗೆ ಕೊಡಬೇಕು. ಫೋನಿನಲ್ಲಿ ಹಾಕುತ್ತೇನೆ, ಹೋಗಿಬರುವ ಒಂದು ದಿನದ ಕೆಲಸ ಉಳಿಯುತ್ತದೆ ಎಂದು ನಾನು ಒಮ್ಮೆ ಅಂದದ್ದಕ್ಕೆ, "ಫೋನಿನ್ಯಾಗ ಹಾಕಿದ್ರ ಬೆರಳಿಗೂ ಗೊತ್ತಾಗೂದಿಲ್ಲೋ. ಹಂಗ ಒತ್ತಿ ಒತ್ತೀನ ಈ ಗತಿ ಬಂದದ್ದು. ಕೈಲೆ ತಂದು ಕೊಡು. ಕೊಡೂವಾಗ ಕೈ ಉರೀಬೇಕು" ಎಂದಳು. ಖರೆಯೇ, ಉರಿಯುತ್ತಿತ್ತು. ಮಗ್ಗ ಮತ್ತೆ ಶುರು ಮಾಡಿ ನೇಯ್ದ ಸೀರೆ ಮಾರಿ ಬಂದ ನೋಟುಗಳನ್ನು ಒಂದೊಂದಾಗಿ ಅವಳ ಅಂಗೈಗೆ ಹಾಕುವಾಗ, ಇದು ಎಷ್ಟು ಗಜ ನೂಲು, ಎಷ್ಟು ಹೊತ್ತಿನ ಮಗ್ಗ ಎಂದು ಗೊತ್ತಾಗುತ್ತಿತ್ತು. ಕಾರ್ಡು ಉಜ್ಜುವಾಗ ಅದೆಲ್ಲ ಎಲ್ಲಿತ್ತೋ. ಕಡಿಮೆ ಒಯ್ದ ತಿಂಗಳು ಬಯ್ಯುತ್ತಿರಲಿಲ್ಲ. "ಉಳದದ್ದು ಮುಂದಿನ ತಿಂಗಳಾ. ಚಾ ಕುಡದು ಹೋಗು" ಎನ್ನುತ್ತಿದ್ದಳು. ಚಹಾದ ರೊಕ್ಕ ಅವಳದೇ.

ಅವಳು ಮಾತ್ರ ರಜೆ ತೆಗೆದುಕೊಳ್ಳಲಿಲ್ಲ. ಊರೆಲ್ಲ ಹಬ್ಬ ಮಾಡುವ ದಿನಗಳಲ್ಲಿ ಹೆಚ್ಚಿನ ಡ್ಯೂಟಿ ಕೇಳಿ ಹಾಕಿಸಿಕೊಂಡಳು. ಪಂಚಮಿಗೆ ತವರಿಗೆ ಹೊರಟ ಹೆಣ್ಣುಮಕ್ಕಳೆಲ್ಲ ಅವಳ ಬಸ್ಸಿನಲ್ಲೇ ಹೋಗುವವರು. ಅವರು ಡಬ್ಬಿ ಬಿಚ್ಚಿ ಕೊಟ್ಟ ಉಂಡಿ ತಿಂದೇ ಅವಳ ಪಂಚಮಿ. "ನನ್ನಷ್ಟು ನಮೂನಿ ಉಂಡಿ ಈ ತಾಲೂಕಿನ್ಯಾಗ ಯಾರೂ ತಿಂದಿಲ್ಲ" ಎಂದು ನಗುತ್ತಿದ್ದಳು. ಸಾಲ ತೀರಿಸಿದ ಆ ಎರಡು ವರ್ಷದ ಅವಳ ಪಂಚಮಿಗಳನ್ನು ನಾನು ತಿಂದುಹಾಕಿದ್ದೆ.

ಸೊಸೈಟಿಯ ಸಾಲ ಹೋದ ವರ್ಷ ಮುಗಿಯಿತು. ಕೆಲವು ತಿಂಗಳಿಗೆ ಅಕ್ಕನಿಗೆ ಕಂಟ್ರೋಲರ್ ಎಂದು ಬಡ್ತಿ ಬಂತು, ದಾಂಡೇಲಿಯ ಕಡೆಗೆ ವರ್ಗವಾಯಿತು. ಇನ್ನು ಹೆಗಲಿಗೆ ಚೀಲವಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಕೂತು ಬೇರೆಯವರ ಗಾಡಿ ಬಿಡುವ ಕೆಲಸ. ಅವಳನ್ನು ಬೀಳ್ಕೊಡಲು ಡಿಪೋದವರು ಒಂದು ಸಣ್ಣ ಕೂಟ ಮಾಡಿದ್ದರು. ನಾನು ಎಲ್ಲರ ಬಾಯಿ ಸಿಹಿ ಮಾಡಲು ಬೆಳಗಾವಿಯಿಂದ ಕುಂದಾ ಒಯ್ದಿದ್ದೆ.

ಡಿಪೋದ ಸಾಹೇಬರು ಒಳ್ಳೆಯ ಮಾತೇ ಆಡಿದರು. ಇಷ್ಟು ವರ್ಷದಲ್ಲಿ ಇವರ ಮೇಲೆ ಒಂದೂ ಕೇಸಿಲ್ಲ, ನಡುವೆ ಒಂದಿಷ್ಟು ದಿನ ನಾವೇ ಬೆನ್ನು ಹತ್ತಿದ್ದೆವು, ಆದರೂ ಸಿಗಲಿಲ್ಲ ಎಂದರು. ಎಲ್ಲರೂ ನಕ್ಕರು. ಹಿಂದಿನಿಂದ ಒಬ್ಬ, "ಕಂಟ್ರೋಲರ್ ಆದ್ರಿ ಬಾಯಾರ, ಇನ್ನ ಸೀರಿ ಮ್ಯಾಲೂ ಕಂಟ್ರೋಲ್ ಇಡ್ರಿ!" ಎಂದು ಕೂಗಿದ. ಮತ್ತೆ ನಗು. ಅಕ್ಕನೂ ನಕ್ಕಳು. ಆ ನಗುವನ್ನು ನೋಡಿದ ಮೇಲೆ ನನಗೆ ಕೂರಲು ಆಗಲಿಲ್ಲ. ಅವಳು ಇಲ್ಲಿಂದ ಹೋಗುತ್ತಿದ್ದಾಳೆ, ಈ ಮಾತು ಮಾತ್ರ ಅವಳ ಹೆಸರಿನ ಜೊತೆ ಈ ಡಿಪೋದಲ್ಲೇ ಉಳಿದುಬಿಡುತ್ತದೆ ಎನಿಸಿತು. ಎದ್ದು ನಿಂತೆ.

"ಸೀರಿ ಆಕಿ ತಗೊಂಡಿಲ್ರಿ. ಒಂದ್ ರೂಪಾಯಿ ಆಕಿ ಖರ್ಚು ಮಾಡಿಲ್ಲ. ಕಾರ್ಡ ನನ್ನ ಕಡೆ ಇತ್ತು. ಎಲ್ಲಾ ನಾನ ಮಾಡಿದ್ದು. 'ನಂದು' ಅಂತ ಆಕಿ ಅಂದಾಗ ಬಾಜುಕ ನಿಂತು ಕೇಳಿಸ್ಕೊಂಡೀನಿ. ಚೀಲ ಬಿಚ್ಚಿಸಿದಾಗ ಅದೇ ಬಸ್ಸಿನ್ಯಾಗ ಕೂತಿದ್ದೆ."

"ಕುಂದರೋ ಈರ್ಯಾ" ಎಂದಳು ಅಕ್ಕ. ನಾನು ಕೂರಲಿಲ್ಲ. ಸೀರೆಯ ಮಾತು ಕೂಗಿದವನು ತನ್ನ ಕೈಯ ಕುಂದಾ ನೋಡುತ್ತಿದ್ದ.

ಮೊದಲು ಎದ್ದವನು ನಾಗಪ್ಪ ಮಾಮಾ. ನನ್ನ ಕಡೆ ತಿರುಗಿಯೂ ನೋಡದೆ ಅಕ್ಕನ ಮುಂದೆ ಹೋಗಿ ನಿಂತ.

"ತಂಗೀ, ಜಾಮೀನು ನಾ ಹಾಕಿದ್ದೆ ನೋಡು. ಆ ಎರಡು ವರ್ಷ ನಾ ರಸ್ತೆ ನೋಡಿದ್ದಕ್ಕಿಂತ ಒಳಗಿನ ಕನ್ನಡಿಯಾಗ ನಿನ್ನ ಕೈ ನೋಡಿದ್ದ ಹೆಚ್ಚು. ಎಲ್ಲಿ ತಿಕೀಟ ಬಿಡ್ತಾಳೋ ಅಂತ. ದಿನಾ ನಿನ್ನ ಡಬ್ಬಿ ರೊಟ್ಟಿ ತಿಂದು ಮತ್ತ ನೋಡ್ತಿದ್ದೆ. ನಂದು ತಪ್ಪಾತವ್ವಾ."

ಅಕ್ಕ ಅವನ ಎರಡೂ ಕೈ ಹಿಡಿದುಕೊಂಡಳು.

"ಗೊತ್ತಿತ್ತು ಮಾಮಾ. ಕನ್ನಡಿಯಾಗ ನಿಮಗ ನಾ ಕಂಡ್ರ, ನನಗ ನೀವು ಕಾಣೂದಿಲ್ಲೇನು? ನೋಡ್ಲಿ ಅಂತನ ಕೈ ಮ್ಯಾಲ ಹಿಡದು ತಿಕೀಟ ಹರೀತಿದ್ದೆ."

ಆಮೇಲೆ ಡಿಪೋದ ಸಾಹೇಬರ ಕಡೆ ತಿರುಗಿ, ನೆಟ್ಟಗೆ ನಿಂತು, "ಹೌದ್ರಿ ಸಾಹೇಬ್ರ, ಕಾರ್ಡ ನಾನ ಆತನ ಕೈಗೆ ಕೊಟ್ಟಿದ್ದೆ. ಅದು ನನ್ನ ತಪ್ಪು. ಬರಕೊಳ್ಳೂದಿದ್ರ ಬರಕೊಳ್ರಿ" ಎಂದಳು. ಸಾಹೇಬರು ಏನೂ ಬರೆದುಕೊಳ್ಳಲಿಲ್ಲ. ಎದ್ದು ನಿಂತು ಕೈ ಮುಗಿದರು. ಅವರು ನಿಂತದ್ದು ನೋಡಿ ಉಳಿದವರೂ ನಿಂತರು.

ದಾಂಡೇಲಿಯ ಬಸ್ಸು ಬಂದಾಗ ಅವಳ ಸಾಮಾನು ಹತ್ತಿಸಲು ನಾನು ಹೋದೆ. ಕಿಟಕಿಯ ಬಾಜು ಕೂತಿದ್ದಳು. ಖಾಕಿ ಕೋಟಿಲ್ಲದೆ, ಹೆಗಲು ಖಾಲಿ ಇರುವ ಅಕ್ಕನನ್ನು ಬಸ್ಸಿನಲ್ಲಿ ನಾನು ನೋಡಿದ್ದು ಅದೇ ಮೊದಲು. ಏನಾದರೂ ಅನ್ನುತ್ತಾಳೆಂದು ಕಾಯ್ದೆ.

"ಮೊದಲ ಹೇಳಬೇಕಿತ್ತು ನಾ" ಎಂದೆ. "ನೀನ ಬ್ಯಾಡ ಅಂದಿದ್ದಿ."

"ಬ್ಯಾಡ ಅಂದಿದ್ದೆ, ಖರೆ" ಎಂದಳು ಅಕ್ಕ. "ನನ್ನ ಮಾತು ನೀ ಯಾಕ ಕೇಳಿದಿ?"

ಅಂದದ್ದು ಸಿಟ್ಟಿನಿಂದಲ್ಲ. ಖರೇನೇ ತಿಳಿದುಕೊಳ್ಳಬೇಕೆಂಬ ಹಾಗೆ ನನ್ನ ಮುಖ ನೋಡುತ್ತಿದ್ದಳು. ಬಸ್ಸಿನ ಕಂಡಕ್ಟರ್, ಹೊಸದಾಗಿ ಸೇರಿದ ಹುಡುಗಿ, ಹಿಂದಿನಿಂದ ಸೀಟಿ ಊದಿದಳು. ಬಸ್ಸು ಹೊರಟಿತು. ನಾನು ಕಿಟಕಿಯ ಸರಿಸಮ ಒಂದಿಷ್ಟು ದೂರ ನಡೆದೆ, ಆಮೇಲೆ ಓಡಿದೆ. ಅವಳಿಗೆ ಕೊಡಬೇಕಾದ ಉತ್ತರ ಬಾಕಿ ಚಿಲ್ಲರೆಯ ಹಾಗೆ ನನ್ನ ಕಡೆಯೇ ಉಳಿಯಿತು.